ಕಾಗದ ಕರಗಿದ ಮೇಲೆ ಉಳಿದದ್ದು

ಏಪ್ರಿಲ್ ತಿಂಗಳ ಒಂದು ಸೋಮವಾರ. ವಿಜಯಪುರದ ಬಿಸಿಲು ಬೆಳಿಗ್ಗೆ ಹತ್ತಕ್ಕೇ ನೆತ್ತಿ ಸುಡುತ್ತಿತ್ತು. ಕಚೇರಿಗೆ ಬಂದವಳೇ ಮುಖಕ್ಕೆ ನೀರು ಹಾಕಿಕೊಳ್ಳೋಣವೆಂದು ಬೇಸಿನ್ ಬಳಿ ಹೋದರೆ ನೀರು ಕಟ್ಟಿಕೊಂಡು ನಿಂತಿತ್ತು. ಶನಿವಾರ ಯಾರೋ ಚಹಾ ಕುಡಿದು ಬಿಟ್ಟುಹೋದ ಕಾಗದದ ಕಪ್ಪು ತೂತಿಗೆ ಅಡ್ಡ ಕುಳಿತು ಎರಡು ದಿನ ನೆನೆದಿತ್ತು. ಎತ್ತಿದೆ. ಕಾಗದವೆಲ್ಲ ನೆನೆಸಿದ ಅವಲಕ್ಕಿಯಂತೆ ಬೆರಳಿಗೆ ಅಂಟಿ ಉದುರಿತು. ಕೈಯಲ್ಲಿ ಉಳಿದದ್ದು ಹಾವು ಬಿಟ್ಟುಹೋದ ಪೊರೆಯಂಥ ತೆಳುವಾದ ಹಾಳೆ. ಎಳೆದರೆ ಹರಿಯದೆ ಹಿಗ್ಗಿತು.

ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ! 2022ರ ಜುಲೈ 1ರಿಂದ ಪ್ಲಾಸ್ಟಿಕ್ ಕಪ್ಪು, ತಟ್ಟೆ, ಸ್ಟ್ರಾಗಳಿಗೆ ದೇಶದಾದ್ಯಂತ ನಿಷೇಧ ಬಂದಾಗ, ನಾವು ಕುಡಿಯುವುದು ಕಾಗದದ ಕಪ್ಪಿನಲ್ಲಲ್ಲವೇ ಎಂದು ನೆಮ್ಮದಿಯಾಗಿದ್ದವಳು ನಾನು. ಬರೀ ಕಾಗದವಾದರೆ ಬಿಸಿ ಚಹಾ ಸೋರದೆ ಹೇಗೆ ನಿಂತೀತು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಒಳಗೆ ಸವರಿರುವುದು ಪಾಲಿಎಥಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಅಂಥ ಕಪ್ಪಿನಲ್ಲಿ 100 ಮಿಲಿಲೀಟರ್ ಬಿಸಿನೀರು 15 ನಿಮಿಷ ನಿಂತರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುತ್ತವೆ ಎಂದು ಖರಗಪುರ ಐಐಟಿಯ ಸಂಶೋಧಕರು 2020ರಲ್ಲೇ ಹೇಳಿದ್ದರು. ಓದಿ ಮರೆತಿದ್ದೆ. ಬೆರಳಿಗೆ ಅಂಟಿದ ಮೇಲೆ ಮರೆಯಲಾಗಲಿಲ್ಲ.

ಅಂದು ಸಂಜೆ ಕಸದ ಬುಟ್ಟಿಯಲ್ಲಿದ್ದ ಕಪ್ಪುಗಳನ್ನು ಎಣಿಸಿದೆ. ನಾವು ಹದಿನಾಲ್ಕು ಮಂದಿ, ದಿನಕ್ಕೆ ಮೂರು ಸಲ ಚಹಾ. ನಲವತ್ತೆರಡು ಕಪ್ಪು, ತಿಂಗಳಿಗೆ ಸಾವಿರದ ಲೆಕ್ಕ. ಅವು ಎಲ್ಲಿಗೆ ಹೋಗುತ್ತವೆ ಎಂದು ಕಸ ಗುಡಿಸುವ ಮಾವಶಿಯನ್ನು ಕೇಳಿದೆ. "ರದ್ದಿಯವನೂ ಒಯ್ಯುವುದಿಲ್ಲ ಬಾಯಾರೇ, ಹಿಂದೆ ಹಾಕಿ ಸುಡುತ್ತೇನೆ" ಎಂದರು. ಗೋಡೆಯಾಚೆ ನೆಲ ಕಪ್ಪಗಾಗಿತ್ತು. ಆ ಹೊಗೆಯನ್ನು ದಿನವೂ ಕುಡಿಯುತ್ತಿದ್ದವರು ಅವರು, ಚಹಾ ಕುಡಿದವರು ನಾವು. ನನಗೆ ಅತ್ಯಂತ ನೋವಾದದ್ದು ಇದಕ್ಕೆ.

ಮನೆಗೆ ಹೋಗುವಾಗ ಪಾತ್ರೆ ಅಂಗಡಿಗೆ ಹೋಗಿ ಒಂದು ಸಣ್ಣ ಸ್ಟೀಲ್ ಲೋಟ ಕೊಂಡೆ. ಮರುದಿನ ಚಹಾದ ಕಾಕಾ ಕೆಟಲ್ ಹಿಡಿದು ಬಂದಾಗ ಅದನ್ನೇ ಮುಂದೆ ಮಾಡಿದೆ. ಅವರು ಒಂದು ಕ್ಷಣ ನೋಡಿ, ಕಪ್ಪಿಗಿಂತ ಒಂದು ಗುಟುಕು ಹೆಚ್ಚೇ ಸುರಿದರು.

ಎದುರಿನ ಟೇಬಲ್ಲಿನ ಹಿರಿಯರು ಮಾತ್ರ ಸರಿಯಾದ ಪ್ರಶ್ನೆಯನ್ನೇ ಕೇಳಿದರು. "ತಂಗಿ, ನಳಕ್ಕೆ ದಿನವೂ ನೀರು ಬಾರದ ಊರಿನಲ್ಲಿ ಎಲ್ಲರೂ ಲೋಟ ತೊಳೆಯುತ್ತ ನಿಂತರೆ ಹೇಗೆ?" ಈ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಹತ್ತಿರದ ತೊರವಿ ಗ್ರಾಮದಿಂದ ನೆಲದಡಿಯ ಸುರಂಗದಲ್ಲಿ ನೀರು ತರಿಸಿಕೊಂಡ, ತಾಜ್ ಬಾವಡಿಯಂಥ ಬಾವಿ ಕಟ್ಟಿದ ಊರಿದು. ಇಲ್ಲಿ ನೀರಿನ ಲೆಕ್ಕ ಹಿಡಿಯದೆ ಯಾವ ಒಳ್ಳೆಯ ಕೆಲಸವನ್ನೂ ಮಾಡಲಾಗದು. ಹಾಗಾಗಿ ಒಂದು ವಾರ ಅಳೆದು ನೋಡಿದೆ. ಕುಡಿದ ಕೂಡಲೇ, ಹಾಲಿನ ಕೆನೆ ಒಣಗುವ ಮೊದಲೇ ತೊಳೆದರೆ ಅರ್ಧ ಲೋಟ ನೀರು ಸಾಕು. ಅರ್ಧ ಗಂಟೆ ಬಿಟ್ಟರೆ ಎರಡು ಲೋಟ ಬೇಕು. ತೊಳೆದ ನೀರನ್ನು ಬಕೆಟ್ಟಿಗೆ ಸುರಿದು ಸಂಜೆ ಗೇಟಿನ ಬೇವಿನ ಸಸಿಗೆ ಹಾಕತೊಡಗಿದೆವು. ಮೂರನೆಯ ವಾರ ಆ ಹಿರಿಯರೂ ಲೋಟ ತಂದರು.

ಹಾಳೆಯ ಎರಡೂ ಬದಿ ಮುದ್ರಿಸುವುದು, ಊಟಕ್ಕೆ ಏಳುವಾಗ ಫ್ಯಾನ್ ಆರಿಸುವುದು ತಾವಾಗಿಯೇ ರೂಢಿಯಾದವು. ಈಗ ಒಂಬತ್ತು ಜನರ ಬಳಿ ಸ್ವಂತ ಲೋಟವಿದೆ. ಐವತ್ತು ಕಪ್ಪಿನ ಕಟ್ಟು ಕಾಕಾನಿಗೆ ಮೂರು ದಿನ ಬರುತ್ತದೆ. ಉಳಿದ ಐವರನ್ನು ನಾನು ಒತ್ತಾಯಿಸಿಲ್ಲ.

ತೊಡಕು ಬಂದದ್ದು ಮೇಲಧಿಕಾರಿಗಳು ತಪಾಸಣೆಗೆ ಬರುವ ಸುದ್ದಿ ಬಂದಾಗ. ದೊಡ್ಡವರಿಗೆ ಸ್ಟೀಲ್ ಲೋಟ ಕೊಡುವುದು ಹೇಗೆಂದು ಎಲ್ಲರಿಗೂ ಸಂಕೋಚ. ಮತ್ತೆ ಕಾಗದದ ಕಪ್ಪೇ ತರಿಸಬೇಕೆಂಬ ಮಾತು ನಡೆದಿತ್ತು. ಆಗ ಮಾವಶಿ ಹಳೆಯ ಕಡತಗಳ ಅಲಮಾರಿಯ ಕೆಳಗಿನ ಖಾನೆ ತೋರಿಸಿದರು. ಹಳೆಯ ಪತ್ರಿಕೆಗಳಲ್ಲಿ ಸುತ್ತಿಟ್ಟ ಪಿಂಗಾಣಿಯ ಕಪ್ಪುಬಸಿಗಳು! ಹನ್ನೊಂದು ಕಪ್ಪು, ಒಂಬತ್ತು ಬಸಿ. ಇಬ್ಬರೂ ಸೇರಿ ತೊಳೆದು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದೆವು.

ಮಧ್ಯಾಹ್ನದ ಚಹಾ ತಂದ ಕಾಕಾ ಅವುಗಳ ಮುಂದೆ ಕೆಟಲ್ ಇಳಿಸಿ ನಿಂತುಬಿಟ್ಟರು. ಅಂಚಿನಲ್ಲಿ ಚಕ್ಕೆ ಎದ್ದಿದ್ದ ಒಂದನ್ನು ಎತ್ತಿ, ಹೆಬ್ಬೆರಳಿನಿಂದ ಸವರಿ, "ಇದು ನನ್ನ ಕೈಯಿಂದಲೇ ಬಿದ್ದದ್ದು ಅಕ್ಕಾವರೇ, ಆಗ ನನಗಿನ್ನೂ ಮೀಸೆ ಬಂದಿರಲಿಲ್ಲ" ಎಂದರು. ಆ ದಿನದ ಚಹಾವನ್ನು ಅವರು ಅದರಲ್ಲೇ ಸುರಿದುಕೊಂಡು ಕುಡಿದರು.