ಹೊತ್ತು ಮುಳುಗಿದ ಮೇಲೆ ಶಿಳ್ಳೆ

ಅಕ್ಕನ ಮಗ ಮೈಸೂರಲ್ಲೇ ಡಿಗ್ರಿ ಓದುತ್ತಿದ್ದಾನೆ. ಎನ್‌ಸಿಸಿಯಲ್ಲಿ ನೇವಲ್ ವಿಂಗ್. ಕಳೆದ ಶನಿವಾರ ಸಂಜೆ ಮನೆಗೆ ಬಂದವನು ಶೂ ಬಿಚ್ಚುವ ಮೊದಲೇ ಕೇಳಿದ: "ಮಾವ, ನಿಮ್ಮ ಪೈಪ್ ಇನ್ನೂ ಇದ್ಯಾ? ನಂಗೂ ಊದೋದು ಹೇಳಿಕೊಡಿ."

ಪೈಪ್ ಅಂದ್ರೆ ಬೋಸನ್ ಕಾಲ್. ಹಡಗಿನ ಡೆಕ್ ಮೇಲಿನ ಕೆಲಸಕ್ಕೆ ಮೇಸ್ತ್ರಿ ಇದ್ದ ಹಾಗೆ ಬೋಸನ್. ಅವನ ಶಿಳ್ಳೆ ಇದು. ಮೈಕ್ ಇಲ್ಲದ ಕಾಲದಲ್ಲಿ ಗಾಳಿ, ಅಲೆಗಳ ಸದ್ದಿನ ನಡುವೆ ಮನುಷ್ಯನ ಕೂಗು ಕೇಳುತ್ತಿರಲಿಲ್ಲ, ಇದರ ಚೂಪು ಸದ್ದು ಕೇಳುತ್ತಿತ್ತು. ಹಗ್ಗ ಎಳೆಯಿರಿ, ಬಿಡಿ, ಊಟಕ್ಕೆ ಬನ್ನಿ, ಮಲಗಿ, ಎಲ್ಲಕ್ಕೂ ಬೇರೆ ಬೇರೆ ರಾಗ.

ನನ್ನದು ಬೀರುವಿನ ಒಳಗೆ ರೇಷನ್ ಕಾರ್ಡಿನ ಜೊತೆ ಇರುತ್ತದೆ. ಪಾಂಡವಪುರದ ಹತ್ತಿರದ ಹಳ್ಳಿಯಿಂದ 1998ರಲ್ಲಿ ಟ್ರಂಕ್ ಹಿಡಿದು ನೌಕಾಪಡೆಯ ತರಬೇತಿಗೆ ಒಡಿಶಾದ ಐಎನ್‌ಎಸ್ ಚಿಲ್ಕಾ ಕೇಂದ್ರಕ್ಕೆ ಹೋದವನು ನಾನು. ಅಲ್ಲಿಯವರೆಗೆ ನಾನು ಕಂಡ ದೊಡ್ಡ ನೀರು ಅಂದ್ರೆ ಕೆಆರ್‌ಎಸ್. 15 ವರ್ಷ ಮುಗಿಸಿ ವಾಪಸ್ ಬಂದೆ. ಆ ಪೈಪ್ ಮಾತ್ರ ಜೊತೆಗೇ ಬಂತು. ಅವ್ವ ತಿಂಗಳಿಗೊಮ್ಮೆ ದೇವರ ದೀಪದ ಕಂಬಗಳ ಜೊತೆ ಅದಕ್ಕೂ ಹುಣಸೆಹಣ್ಣು ಹಾಕಿ ತಿಕ್ಕುತ್ತಾಳೆ. ನೌಕಾಪಡೆಯಲ್ಲಿ ನಾವು ಬ್ರಾಸೋ ಹಾಕಿ ಅರ್ಧ ಗಂಟೆ ಉಜ್ಜಿದರೂ ಇಷ್ಟು ಹೊಳಪು ಬರುತ್ತಿರಲಿಲ್ಲ.

ಟೆರೇಸಿಗೆ ಹೋದೆವು. ಸಣ್ಣ ವಸ್ತು, ಆದರೆ ಅದರ ಭಾಗಗಳ ಹೆಸರೆಲ್ಲಾ ಹಡಗಿನವೇ. ಉದ್ದ ಕೊಳವೆ ಗನ್, ತುದಿಯ ಗುಂಡು ಬೂಯ್, ಕೆಳಗಿನ ಚಪ್ಪಟೆ ತಗಡು ಕೀಲ್, ಬಳೆ ಶಾಕಲ್. ಗುಂಡು ಅಂಗೈಯಲ್ಲಿ ಕೂರಬೇಕು. ಬೆರಳು ಬಿಡಿಸಿ ಊದಿದರೆ ಕೆಳಸ್ವರ, ಬೆರಳು ಮಡಚಿ ಮುಚ್ಚಿದರೆ ಮೇಲಿನ ಸ್ವರ. ಬೆರಳು ತೂತಿಗೆ ತಾಗಿತೋ, ಕೆಲಸ ಕೆಟ್ಟಿತು.

ನನಗೆ ಕೆಟ್ಟಿದ್ದೂ ಹಾಗೇ. ಮೊದಲ ಹಡಗು, ಗ್ಯಾಂಗ್‌ವೇ ಡ್ಯೂಟಿ, ಅಂದ್ರೆ ಹಡಗು ಹತ್ತಿ ಇಳಿಯುವ ದಾರಿಯ ಬಳಿ ಕಾವಲು. ಬೇರೊಂದು ಹಡಗಿನ ಕಮಾಂಡಿಂಗ್ ಆಫೀಸರ್ ಹತ್ತಿ ಬರುತ್ತಿದ್ದರು. ಅಂಥವರಿಗೆ ಸೈಡ್ ಪೈಪ್ ಮಾಡಬೇಕು. ಕೆಳಗಿಂದ ಶುರುವಾಗಿ, ಮೇಲೇರಿ, ಮತ್ತೆ ಕೆಳಗೆ ಇಳಿಯುವ ಉದ್ದನೆಯ ರಾಗ. ಹಿಂದೆ ದೊಡ್ಡ ಅಧಿಕಾರಿಗಳನ್ನು ದೋಣಿಯಿಂದ ಕುರ್ಚಿಯಲ್ಲಿ ಕೂರಿಸಿ ಹಗ್ಗದಲ್ಲಿ ಮೇಲೆತ್ತುತ್ತಿದ್ದರಂತೆ. ಎಳೆಯುವವರಿಗೆ ಶಿಳ್ಳೆಯೇ ಅಪ್ಪಣೆ. ಕುರ್ಚಿ ಹೋಯಿತು, ಶಿಳ್ಳೆ ಮರ್ಯಾದೆಯಾಗಿ ಉಳಿಯಿತು. ನಾನು ಊದಿದೆ. ಬೆರಳು ತೂತಿನ ಮೇಲೆ, ಒಳಗೆಲ್ಲಾ ಎಂಜಲು. ಪಂಚರ್ ಆದ ಸೈಕಲ್ ಟ್ಯೂಬಿನ ಹಾಗೆ "ಪುಸ್ಸ್..." ಆ ಸಾಹೇಬರು ಸೆಲ್ಯೂಟ್ ಇಳಿಸದೆ, ಮುಖದಲ್ಲಿ ಒಂದು ಗೆರೆಯೂ ಅಲುಗದೆ, ನನ್ನ ಪುಸ್ಸ್ ಮುಗಿಯುವ ತನಕ ನಿಂತಿದ್ದರು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ಇದೇ ರಾಗವನ್ನು ಸತ್ತವರ ದೇಹ ಹಡಗಿನಿಂದ ಇಳಿಯುವಾಗಲೂ ಊದುವ ಪದ್ಧತಿಯಿದೆ. ನಮ್ಮೂರ ತಮಟೆ ಹಾಗೇ ಅಲ್ವಾ? ಹಬ್ಬಕ್ಕೂ ಅದೇ ಚರ್ಮ, ಸಾವಿಗೂ ಅದೇ ಚರ್ಮ.

ಹುಡುಗ ಏಳೆಂಟು ಸಲ ಊದಿದ. ಪಕ್ಕದ ಮನೆ ನಾಯಿ ಬೊಗಳಿತು. ಅಷ್ಟರಲ್ಲಿ ಕೆಳಗಿಂದ ಅವ್ವನ ಕೂಗು: "ಲೇ, ಹೊತ್ತು ಮುಳುಗಿದ್ ಮ್ಯಾಲೆ ಸಿಳ್ಳೆ ಹೊಡೀಬ್ಯಾಡ್ರುಲಾ! ಹಾವ್ ಬತ್ತದೆ!"

ಹುಡುಗನಿಗೆ ನಗು. ನನಗೆ ನಗು ಬರಲಿಲ್ಲ. ಈ ಮಾತು ಕೇಳಿಕೊಂಡೇ ಬೆಳೆದವನು ನಾನು. ಕಬ್ಬಿನ ಗದ್ದೆ ಪಕ್ಕದ ಮನೆ ನಮ್ಮದು, ಶಿಳ್ಳೆ ಹೊಡೆಯದಿದ್ರೂ ಹಾವು ಬರುತ್ತಿತ್ತು, ಅದು ಬೇರೆ ಮಾತು. ಆದರೆ ಹಡಗಿನಲ್ಲೂ ಬಾಯಲ್ಲಿ ಶಿಳ್ಳೆ ಹೊಡೆಯುವ ಹಾಗಿಲ್ಲ! ಹಾಯಿ ಹಡಗಿನ ಕಾಲದವರಿಗೆ ಶಿಳ್ಳೆ ಹೊಡೆದರೆ ಗಾಳಿ ಬರುತ್ತದೆ, ಬಿರುಗಾಳಿಯೂ ಬರುತ್ತದೆ ಅಂತ ಭಯ. ಜೊತೆಗೆ, ಯಾರೋ ಸುಮ್ನೆ ಹೊಡೆದ ಶಿಳ್ಳೆಯನ್ನು ಬೋಸನ್ನಿನ ಅಪ್ಪಣೆ ಅಂದುಕೊಂಡು ಇನ್ಯಾರೋ ಹಗ್ಗ ಬಿಟ್ಟುಬಿಟ್ಟರೆ? ಊರಲ್ಲಿ ಹಾವು, ಸಮುದ್ರದಲ್ಲಿ ಗಾಳಿ. ನನ್ನ ಶಿಳ್ಳೆಗೆ ಎಲ್ಲೂ ಜಾಗ ಸಿಗಲಿಲ್ಲ.

ಇನ್ನೂ ಒಂದಿದೆ. ಸೈಡ್ ಪೈಪಿನ ಮರ್ಯಾದೆ ಬೆಳಗ್ಗೆ 8ಕ್ಕೆ ಬಾವುಟ ಏರಿದ ಮೇಲೆ ಶುರು, ಸೂರ್ಯ ಮುಳುಗಿ ಬಾವುಟ ಇಳಿದರೆ ಮುಗಿಯಿತು. ಅಂದ್ರೆ ಅವ್ವ ಹೇಳಿದ್ದು ನೌಕಾಪಡೆಯ ನಿಯಮವೇ. ಪೈಪನ್ನು ಜೇಬಿಗೆ ಹಾಕಿದೆ.

ಬಾವುಟ ಅಂದಾಗ ನೆನಪಾಯಿತು. ನಾನಿದ್ದ ಕಾಲದಲ್ಲೇ ನೌಕಾಪಡೆಯ ಧ್ವಜ 2001ರಲ್ಲಿ ಒಮ್ಮೆ, 2004ರಲ್ಲಿ ಇನ್ನೊಮ್ಮೆ ಬದಲಾಯಿತು. ಈಗಿನದು 2022ರ ಸೆಪ್ಟೆಂಬರ್ 2ರಂದು, ಕೊಚ್ಚಿಯಲ್ಲಿ ವಿಮಾನವಾಹಕ ಹಡಗು ವಿಕ್ರಾಂತ್ ಸೇವೆಗೆ ಸೇರಿದ ದಿನ ಬಂದದ್ದು. ಟಿವಿ ಮುಂದೆ ಲುಂಗಿಯಲ್ಲೇ ಎದ್ದು ನಿಂತಿದ್ದೆ. ಹೆಂಡತಿ ಇನ್ನೂ ಆಡಿಕೊಳ್ಳುತ್ತಾಳೆ.

ರಾತ್ರಿ ಮುದ್ದೆ ಮುರಿಯುತ್ತಾ ಹುಡುಗ ಕೇಳಿದ, "ಮಾವ, ಐಎನ್‌ಎಸ್ ಮೈಸೂರಲ್ಲಿ ಇದ್ರಾ?" ಇರಲಿಲ್ಲ. ಆ ಹೊಟ್ಟೆಯುರಿ ಇವತ್ತಿಗೂ ಇದೆ. ಆ ಹೆಸರಿನ ಹಳೇ ಹಡಗು 1957ರಲ್ಲಿ ಬಂದ ಕ್ರೂಸರ್ ಯುದ್ಧನೌಕೆ. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಮುಂದಾಳು ಹಡಗು ಅದೇ. ಈಗಿನದು 1999ರಲ್ಲಿ ಸೇವೆಗೆ ಸೇರಿದ ಡೆಸ್ಟ್ರಾಯರ್ ಯುದ್ಧನೌಕೆ. ಮುಂಬೈ ಡಾಕ್‌ಯಾರ್ಡಿನಲ್ಲಿ ಅದರ ಲಾಂಛನ ನೋಡಿದಾಗ, ನಮ್ಮ ಗಂಡಭೇರುಂಡ ಇಲ್ಲಿಗೆ ಹೇಗೆ ಬಂತಪ್ಪಾ ಅಂತ ಸ್ವಲ್ಪ ಹೊತ್ತು ನಿಂತುಬಿಟ್ಟಿದ್ದೆ. ಜೊತೆಗಿದ್ದ ಪಂಜಾಬಿ ಹುಡುಗ, ಎರಡು ತಲೆಯ ಕೋಳಿಯಾ ಅಂದ. ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದೆ.

ಬೆಳಗ್ಗೆ ಎದ್ದಾಗ ಹುಡುಗ ಆಗಲೇ ಟೆರೇಸಿನಲ್ಲಿ. ಗಡಿಯಾರ ನೋಡಿಕೊಂಡು 8 ಆಗುವುದನ್ನೇ ಕಾಯುತ್ತಿದ್ದಾನೆ. ಒಗೆದ ಬಟ್ಟೆಯ ಬಕೆಟ್ ಹಿಡಿದು ಅವ್ವ ಮೆಟ್ಟಿಲು ಹತ್ತಿ ಬಂದಳು. ಅವಳ ತಲೆ ಕಂಡದ್ದೇ ತಡ, ಇವನು ನೆಟ್ಟಗೆ ನಿಂತು ಸೈಡ್ ಪೈಪ್ ಊದಿದ. ಮೇಲಿನ ಸ್ವರ ಮಧ್ಯದಲ್ಲಿ ಒಡೆಯಿತು, ಆದರೂ ಪರವಾಗಿಲ್ಲ.

ಅವ್ವ ಕೊನೆ ಮೆಟ್ಟಿಲಲ್ಲೇ ನಿಂತಳು. "ಇದ್ಯಾಕ್ಲಾ ಈಗ?"

"ದೊಡ್ಡೋರು ಹಡಗು ಹತ್ತಿದ್ರೆ ಊದ್ತೀವಿ ಅಜ್ಜಿ. ಮರ್ಯಾದೆ."

"ಊದಿದ್ದು ಸಾಕು. ಮೊದ್ಲು ಬಕೀಟು ಇಸ್ಕೊ."