ಮರ ನಿಂತಿರುವಾಗಲೇ ಸಸಿ

2020ರ ಏಪ್ರಿಲ್ 24, ಶುಕ್ರವಾರ. ಲಾಕ್‌ಡೌನ್‌ನಿಂದಾಗಿ ಬೆಂಗಳೂರು ಬಿಟ್ಟು ಶಿರಸಿ ಹತ್ತಿರದ ನಮ್ಮ ಮನೆ ಸೇರಿ ತಿಂಗಳಾಗಿತ್ತು. ಬೆಳಗಿನ ಐದೂವರೆಗೇ ಎದ್ದು, ಸಿಗ್ನಲ್ ಸಿಗುವ ಅಂಗಳದ ಮೂಲೆಯಲ್ಲಿ ಮೊಬೈಲ್ ಹಿಡಿದು ಕುಳಿತಿದ್ದೆ. ಅಮೆರಿಕದಲ್ಲಿ ಆಗ ಗುರುವಾರ ರಾತ್ರಿ, ಅಲ್ಲಿನ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ ಡ್ರಾಫ್ಟ್ ಶುರುವಾಗುವ ಹೊತ್ತು. ಕಾಲೇಜು ಫುಟ್‌ಬಾಲ್‌ನಿಂದ ಬರುವ ಹುಡುಗರನ್ನು 32 ತಂಡಗಳು ಏಳು ಸುತ್ತುಗಳಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ಋತುವಿನಲ್ಲಿ ಹೆಚ್ಚು ಸೋತವರಿಗೆ ಮೊದಲ ಸರದಿ.

ನನ್ನ ತಂಡ ಗ್ರೀನ್ ಬೇ ಪ್ಯಾಕರ್ಸ್. ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಒಂದೇ ಪಂದ್ಯ ಬಾಕಿ ಇರುವಾಗ, ಆ ಜನವರಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಎದುರು 37-20ರಿಂದ ಸೋತಿತ್ತು. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್‌ಗೆ 36 ವರ್ಷ. ಅವನು ಎಸೆದದ್ದನ್ನು ಹಿಡಿಯಲು ಇನ್ನೊಬ್ಬ ಒಳ್ಳೆಯ ರಿಸೀವರ್ ಬೇಕಿತ್ತು. ಅಂಥವನೊಬ್ಬ, ಟೀ ಹಿಗಿನ್ಸ್, ಇನ್ನೂ ಉಳಿದಿದ್ದ. ನಾವು ಆಸರಿಗೆ (ಬೆಳಗಿನ ತಿಂಡಿಗೆ) ಕುಳಿತ ಹೊತ್ತಿಗೆ ತಂಡ ತನ್ನ ನಾಲ್ಕನೆಯ ಸುತ್ತಿನ ಸರದಿಯನ್ನೂ ಕೊಟ್ಟು 30ನೆಯ ಆಯ್ಕೆಯಿಂದ 26ಕ್ಕೆ ಏರಿ, ಜೋರ್ಡನ್ ಲವ್ ಎಂಬ ಹೊಸ ಕ್ವಾರ್ಟರ್‌ಬ್ಯಾಕ್‌ನನ್ನು ತೆಗೆದುಕೊಂಡಿತು. ನಾನು ತೆಳ್ಳೇವು ದೋಸೆ ಬಿಟ್ಟು ಕೂಗಾಡಿದೆ.

"ಹಳಬ ಇನ್ನೆಷ್ಟು ವರ್ಷ ಆಡಬಹುದು?" ಎಂದರು ಅಪ್ಪಯ್ಯ.

"ಮೂರೋ ನಾಲ್ಕೋ."

"ಹಾಗಾದರೆ ಸಸಿ ಇಡುವ ಹೊತ್ತೇ ಅದು."

ತೋಟದಲ್ಲಿ ಅವರು ಮಾಡುತ್ತ ಬಂದದ್ದೂ ಅದನ್ನೇ. ವಯಸ್ಸಾದ ಅಡಿಕೆ ಮರ ಫಸಲು ಕೊಡುತ್ತಿರುವಾಗಲೇ ಅದರ ಪಕ್ಕದಲ್ಲಿ ಸಸಿ ಇಡುತ್ತಾರೆ. ಮಳೆಗಾಲದ ಗಾಳಿಗೆ ಮರ ಬಿದ್ದ ಮೇಲೆ ಗುಂಡಿ ತೋಡಿದರೆ ಮುಂದಿನ ಐದಾರು ವರ್ಷ ಆ ಜಾಗದಿಂದ ಒಂದು ಅಡಿಕೆ ಕೊನೆಯೂ (ಗೊನೆಯೂ) ಸಿಗುವುದಿಲ್ಲ. ಎಳೆಯ ಸಸಿ ಬಿಸಿಲಿಗೆ ಸುಡದಂತೆ ಹಳೆಯ ಮರವೇ ನೆರಳಾಗುತ್ತದೆ. ಇದೇ ರಾಜರ್ಸ್‌ನನ್ನೂ ಗ್ರೀನ್ ಬೇ 2005ರಲ್ಲಿ 24ನೆಯ ಆಯ್ಕೆಯಾಗಿ ತಂದು, ಮೂರು ವರ್ಷ ಆಗಿನ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾವ್ರ್‌ನ ಹಿಂದೆ ಕೂರಿಸಿತ್ತು.

ಇದಕ್ಕೆ ತದ್ವಿರುದ್ಧ ದಾರಿ ಲಾಸ್ ಏಂಜಲೀಸ್ ರ‍್ಯಾಮ್ಸ್‌ದು. 2021ರಲ್ಲಿ ಅನುಭವಿ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟಾಫರ್ಡ್‌ಗಾಗಿ ಮುಂದಿನ ಎರಡು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನೇ ಕೊಟ್ಟರು, ಸೂಪರ್ ಬೌಲ್ ಗೆದ್ದರು, ಮರುವರ್ಷ 17 ಪಂದ್ಯಗಳಲ್ಲಿ 12 ಸೋತರು. ಅದನ್ನು ತಪ್ಪೆನ್ನಲಾರೆ. ನಾವೂ ಸಸಿಗಳ ನಡುವೆ ಬೇಗ ಫಲ ಕೊಡುವ ಬಾಳೆ ಹಾಕುತ್ತೇವೆ. ಆದರೆ ಬಾಳೆಯೊಂದನ್ನೇ ನಂಬಿ ತೋಟ ಮಾಡುವವರಲ್ಲ ನಾವು.

ಕಾಯುವುದಕ್ಕೂ ಬೆಲೆ ಇದೆ. ಮೊದಲ ಸುತ್ತಿನ ಆಟಗಾರನ ಒಪ್ಪಂದ ನಾಲ್ಕು ವರ್ಷದ್ದು, ತಂಡ ಬಯಸಿದರೆ ಐದನೆಯದೂ ಸೇರುತ್ತದೆ. ಕಡಿಮೆ ಸಂಬಳದ ಆ ವರ್ಷಗಳಲ್ಲಿ ಮೂರನ್ನು ಲವ್ ಬಹುತೇಕ ಬೆಂಚಿನಲ್ಲೇ ಕಳೆದ. ಅತ್ತ ರಾಜರ್ಸ್ 2020 ಮತ್ತು 2021ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನಾದರೂ ತಂಡ ಸೂಪರ್ ಬೌಲ್ ತಲುಪಲಿಲ್ಲ. 2021ರ ಜನವರಿಯಲ್ಲಿ ಟ್ಯಾಂಪಾ ಬೇ ಎದುರು ಸೋತದ್ದು 31-26ರಿಂದ, ಐದೇ ಅಂಕ. ಆ ರಿಸೀವರ್ ಇದ್ದಿದ್ದರೆ ಎಂಬ ನೋವು ಇನ್ನೂ ಹೋಗಿಲ್ಲ.

2023ರಲ್ಲಿ ರಾಜರ್ಸ್ ನ್ಯೂಯಾರ್ಕ್‌ಗೆ ಹೋದ, ಲವ್ ಆ ಜಾಗಕ್ಕೆ ಬಂದ. 2024ರ ಜನವರಿಯಲ್ಲಿ ಡಲ್ಲಾಸ್‌ನ ಅಂಗಳದಲ್ಲೇ ಡಲ್ಲಾಸನ್ನು 48-32ರಿಂದ ಸೋಲಿಸಿದಾಗ ನಾನು ಬೆಂಗಳೂರಿನಿಂದ ಮನೆಗೆ ಫೋನ್ ಮಾಡಿದೆ. ಅಪ್ಪಯ್ಯ ಅಡಿಕೆ ಕೊನೆ ಕೊಯ್ಲಿನ ಗಡಿಬಿಡಿಯಲ್ಲಿದ್ದರು. "ಯಾರು, ಆ ಸಸಿಯೇ?" ಎಂದು ಕೇಳಿದರು.