ಕೌದಿಗೆ ಅಂಚು ಕಟ್ಟುವ ದಿನ

ಶಿರಸಿ ಕಡೆ ಕೌದಿಯ, ಅಂದರೆ ಹಳೇ ಬಟ್ಟೆಯ ಪದರ ಸೇರಿಸಿ ಹೊಲಿಯುವ ಹೊದಿಕೆಯ, ಕೆಲಸ ಮೇ ತಿಂಗಳೊಳಗೇ ಮುಗಿಯಬೇಕು. ಮಳೆ ಹಿಡಿದ ಮೇಲೆ ಐದಾರು ಪದರದ ಬಟ್ಟೆ ಒಳಗಿನಿಂದ ಒಣಗುವುದಿಲ್ಲ. ಮೇಲೆ ಕೈಯಾಡಿಸಿದರೆ ಒಣಗಿದ ಹಾಗೇ ಇರುತ್ತದೆ, ನಡುವಿನ ಪದರದಲ್ಲಿ ತೇವ ಉಳಿದು ಮುಗ್ಗಲು ವಾಸನೆ ಹಿಡಿಯುತ್ತದೆ, ಕಪ್ಪು ಚುಕ್ಕೆ ಏಳುತ್ತದೆ. ಕಾರವಾರದ ಸೆಕೆಯಲ್ಲಂತೂ ಬೇಸಿಗೆಯಲ್ಲೂ ಇದೇ ಪಾಡು. ಹಾಗಾಗಿ ಅಡಿಕೆ ಒಣಗಿ ಅಂಗಳ ಖಾಲಿಯಾದ ಮೇಲೆ, ಬಿಸಿಲಿರುವ ಒಂದು ದಿನ ನೋಡಿಕೊಂಡು ಅಂಚಿಗೆ ಕೂರುವುದು.

ನಡುವಿನ ಹೊಲಿಗೆಗೆ ತಿಂಗಳುಗಟ್ಟಲೆ ಕೂತವರೂ ಅಂಚನ್ನು ಮಾತ್ರ ಗಡಿಬಿಡಿಯಲ್ಲಿ ಮುಗಿಸುತ್ತಾರೆ. ಎಳೆದು ಹೊದೆಯುವುದು, ಕೊಡವುವುದು, ಹಿಂಡುವುದು ಎಲ್ಲ ಅಂಚು ಹಿಡಿದೇ. ಮೊದಲು ಹರಿಯುವುದೂ ಅದೇ.

ಬೆಳಿಗ್ಗೆ ಮೊದಲ ಕೆಲಸ ಸೂಜಿಯದಲ್ಲ, ಅಳತೆಯದು. ಕೌದಿಯನ್ನು ಜಗುಲಿಯ ಮೇಲೆ ಎಳೆಯದೆ, ಸುಕ್ಕಿಲ್ಲದೆ ಹಾಸಿ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಬೇಕು. ಐದು ಅಡಿ ಅಗಲ, ಏಳು ಅಡಿ ಉದ್ದದ್ದಾದರೆ ಎರಡೂ ಕರ್ಣ ಸುಮಾರು 103 ಇಂಚು ಬರಬೇಕು. ಅರ್ಧ ಇಂಚು ಆಚೀಚೆ ಆದರೆ ಅಡ್ಡಿಯಿಲ್ಲ. ಅದಕ್ಕಿಂತ ಹೆಚ್ಚಾದರೆ ಗೆರೆ ಎಳೆದು ಸರಿ ಮಾಡಿ. ಕತ್ತರಿ ಹಾಕುವ ಮೊದಲು ಗೆರೆಯಿಂದ ಕಾಲಿಂಚು ಒಳಗೆ ಸುತ್ತಲೂ ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಕತ್ತರಿಸಿದ ಕೂಡಲೇ ಹಳೇ ಸೀರೆಯ ಪದರ ಒಂದೊಂದು ದಿಕ್ಕಿಗೆ ಜಾರುತ್ತದೆ.

ಅಂಚಿಗೆ ಸುತ್ತಲೂ ಕಟ್ಟುವ ಪಟ್ಟಿಗೆ ಹತ್ತಿ ಬಟ್ಟೆಯೇ ಆಗಬೇಕು. ಸಿಂಥೆಟಿಕ್ ಜಾರುತ್ತದೆ, ಎಳೆ ಬಿಡುತ್ತದೆ. ಜರಿಯಂಚು ಚೆಂದ ಅಂತ ಹಾಕಿದರೆ ರಾತ್ರಿಯಿಡೀ ಕುತ್ತಿಗೆಗೆ ಚುಚ್ಚುತ್ತದೆ. ಸುತ್ತಳತೆ 288 ಇಂಚು, ಮೂಲೆಗೂ ಜೋಡಣೆಗೂ ಸೇರಿ 305 ಇಂಚು ಪಟ್ಟಿ ಬೇಕು. 44 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಮೂರೂವರೆ ಇಂಚು ಅಗಲದ ಎಂಟು ಪಟ್ಟಿ, ಅಂದರೆ ಮುಕ್ಕಾಲು ಮೀಟರು. ಒಗೆದಾಗ ಕುಗ್ಗುತ್ತದೆ, ಒಂದು ಮೀಟರೇ ತನ್ನಿ. ತಂದದ್ದನ್ನು ಒಗೆಯದೆ ಹೊಲಿದರೆ ಮೊದಲ ಒಗೆತಕ್ಕೇ ಪಟ್ಟಿ ಕುಗ್ಗಿ ಕೌದಿಯ ಅಂಚು ನಿರಿಗೆ ಹಿಡಿಯುತ್ತದೆ. ಕೆಂಪು ಬಟ್ಟೆಯಾದರೆ ನೀರಿಗೆ ಬಣ್ಣ ಬಿಡುವುದು ನಿಲ್ಲುವವರೆಗೆ ಬಿಸಿನೀರಲ್ಲಿ ನೆನೆಸಿ. ನೇರ ಅಂಚಿಗೆ ನೇರ ಪಟ್ಟಿ ಸಾಕು. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿ ಬೇಕಾಗುವುದು ಮೂಲೆ ಗುಂಡಗಿದ್ದರೆ ಮಾತ್ರ.

ಪಟ್ಟಿಗಳನ್ನು ಓರೆಯಾಗಿ ಜೋಡಿಸಿ, ಉದ್ದಕ್ಕೆ ನಡುವೆ ಮಡಿಸಿ ಇಸ್ತ್ರಿ ಹಾಕಿ. ಹೊಲಿಗೆ ಶುರುವಾಗುವುದು ಉದ್ದದ ಬದಿಯ ಮಧ್ಯದಲ್ಲಿ, ಪಟ್ಟಿಯ ತುದಿಯಲ್ಲಿ ಹತ್ತಿಂಚು ಹೊಲಿಯದೆ ಬಾಲ ಬಿಟ್ಟು. ಪಟ್ಟಿಯ ಕತ್ತರಿಸಿದ ಬದಿ ಕೌದಿಯ ಅಂಚಿಗೆ ಕೂಡಿರಬೇಕು, ಹೊಲಿಗೆ ಅಂಚಿನಿಂದ ಅರ್ಧ ಇಂಚು ಒಳಗೆ. ಮಶೀನಾದರೆ 16 ಅಥವಾ 18ನೇ ನಂಬರಿನ ಸೂಜಿ, ದೊಡ್ಡ ಹೊಲಿಗೆ. ಮಶೀನಿನ ಹಲ್ಲು ಕೆಳಗಿನ ಪದರವನ್ನು ಮುಂದಕ್ಕೆ ಎಳೆಯುತ್ತದೆ, ಪಾದ ಮೇಲಿನದನ್ನು ತಡೆಯುತ್ತದೆ. ಅದಕ್ಕೇ ಪಟ್ಟಿ ಕೊನೆಗೆ ಸೊಟ್ಟಗಾಗುವುದು. ಪಾದದ ಒತ್ತಡ ಕಡಿಮೆ ಮಾಡಿ, ನಾಲ್ಕಿಂಚಿಗೊಂದು ಪಿನ್ ಹಾಕಿ. ಕೌದಿಯ ಭಾರ ಮೇಜಿನಿಂದ ಕೆಳಗೆ ಜೋತುಬೀಳಬಾರದು, ಪಕ್ಕದಲ್ಲೊಂದು ಕುರ್ಚಿ ಇಟ್ಟುಕೊಳ್ಳಿ.

ಮೂಲೆಯಲ್ಲೇ ಎಲ್ಲರೂ ಎಡವುವುದು. ಅಂಚಿಗೆ ಅರ್ಧ ಇಂಚು ಇದೆ ಎನ್ನುವಾಗ ನಿಲ್ಲಿಸಿ, ಹಿಂದೆಮುಂದೆ ಎರಡು ಹೊಲಿಗೆ ಹಾಕಿ ದಾರ ಕತ್ತರಿಸಿ. ಪಟ್ಟಿಯನ್ನು ಓರೆಯಾಗಿ ಮೇಲಕ್ಕೆ ಮಡಿಸಿ, ಮತ್ತೆ ನೇರ ಕೆಳಕ್ಕೆ ತನ್ನಿ. ಮೇಲಿನ ಮಡಿಕೆ ಹೊಲಿದು ಮುಗಿದ ಬದಿಯ ಅಂಚಿಗೆ ಸಮನಾಗಿ ಕೂರಬೇಕು. ಹೊಸ ಬದಿಯನ್ನು ತುದಿಯಿಂದಲೇ ಶುರುಮಾಡಿ. ಮೊದಲ ಬದಿಯನ್ನು ತುದಿಯವರೆಗೂ ಹೊಲಿದುಬಿಟ್ಟರೆ ಮಡಿಕೆ ತಿರುಗುವುದೇ ಇಲ್ಲ, ಬಿಚ್ಚಬೇಕು. ತೀರಾ ಮೊದಲೇ ನಿಲ್ಲಿಸಿದರೆ ಮೂಲೆಯಲ್ಲಿ ತೂತು ಉಳಿಯುತ್ತದೆ. ಸುತ್ತು ಮುಗಿದಾಗ ಎರಡು ಬಾಲ ಒಂದರ ಮೇಲೊಂದು ಸರಿಯಾಗಿ ಪಟ್ಟಿಯ ಅಗಲದಷ್ಟು, ಮೂರೂವರೆ ಇಂಚು ಬರುವಂತೆ ಕತ್ತರಿಸಿ ಓರೆಯಾಗಿ ಸೇರಿಸಿ. ಸೇರಿಸುವಾಗ ಮೊದಲು ಕಚ್ಚಾ ಹಾಕಿ, ಪಟ್ಟಿ ತಿರುಚಿಲ್ಲ ಅಂತ ನೋಡಿದ ಮೇಲೆಯೇ ಹೊಲಿದು, ಹೆಚ್ಚಾಗಿ ಉಳಿದ ಮೂಲೆಗೆ ಕತ್ತರಿ.

ಮಧ್ಯಾಹ್ನದ ಮೇಲಿನದು ಕೈಕೆಲಸ. ಪಟ್ಟಿಯನ್ನು ಹಿಂದಕ್ಕೆ ಮಗುಚಿ, ಮಡಿಸಿದ ಅಂಚು ಮಶೀನಿನ ಹೊಲಿಗೆಯನ್ನು ಮುಚ್ಚುವಂತೆ ಇಟ್ಟು ಹೆಮ್ಮಿಂಗ್. ಮುಚ್ಚದಿದ್ದರೆ ಕೌದಿ ದಪ್ಪವಾಗಿದೆ ಎಂದರ್ಥ, ಎಳೆದು ಜಗ್ಗದೆ ಅಂಚನ್ನೇ ಒಂದೆಳೆ ಕತ್ತರಿಸಿ. ದಾರ ಒಂದೂವರೆ ಮೊಳಕ್ಕಿಂತ ಉದ್ದ ಬೇಡ, ಗಂಟು ಬೀಳುತ್ತದೆ. ನಮ್ಮ ಕಡೆ ಜೇನುಮೇಣಕ್ಕೆ ಬರವಿಲ್ಲ, ದಾರವನ್ನು ಅದರ ಮೇಲೆ ಒಂದೆರಡು ಸಲ ಎಳೆದುಕೊಂಡರೆ ಸಿಕ್ಕಾಗುವುದಿಲ್ಲ. ಹೊಲಿಗೆ ಎಳ್ಳಿನಷ್ಟು ಸಣ್ಣ, ಕಾಲಿಂಚಿಗೊಂದು. ಸೂಜಿ ಒಳಪದರ ಹಿಡಿಯಬೇಕು, ಮುಂದಕ್ಕೆ ದಾಟಬಾರದು. ಹಿಂಬದಿಯ ಮೂಲೆಮಡಿಕೆಯನ್ನು ಮುಂದಿನದಕ್ಕೆ ಎದುರು ದಿಕ್ಕಿಗೆ ಮಡಿಸಿದರೆ ದಪ್ಪ ಒಂದೇ ಕಡೆ ಸೇರುವುದಿಲ್ಲ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಸಮುದಾಯದ ಹೆಂಗಸರ ಕೌದಿಗೆ ಈ ರಗಳೆಯೇ ಇಲ್ಲ. ಅವರು ಅಂಚಿನಿಂದಲೇ ಶುರುಮಾಡಿ, ತುಂಡುಗಳ ಬದಿ ಒಳಮಡಿಸುತ್ತ ಸುತ್ತುಸುತ್ತಾಗಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಿಸಿದ ತ್ರಿಕೋನ ತುಂಡುಗಳ ‘ಫುಲಾ’ ಹೂವು. ಚೆಂದಕ್ಕೆ ಅನ್ನುತ್ತಾರೆ, ಆದರೆ ಕೈ ಹಿಡಿದು ಜಗ್ಗುವ ಜಾಗಕ್ಕೆ ಮೂರ್ನಾಲ್ಕು ಪದರ ಹೆಚ್ಚು ಸಿಕ್ಕ ಹಾಗೂ ಆಯಿತು.

ಒಗೆದ ಕೌದಿಯನ್ನು ಕ್ಲಿಪ್ ಹಾಕಿ ನೇತುಹಾಕಬೇಡಿ. ಒದ್ದೆ ಭಾರ ಪೂರ್ತಿ ಹೊಸ ಹೊಲಿಗೆಯ ಮೇಲೆ ಬೀಳುತ್ತದೆ. ಎರಡು ಬಿದಿರು ಗಳದ ಮೇಲೆ ಅಡ್ಡ ಹಾಸಿ, ಮಧ್ಯಾಹ್ನ ಒಮ್ಮೆ ಮಗುಚಿ.